ಇಪ್ಪತ್ತಾರು ಎಲ್ಲಿಂದ ಬಂತು, ಮೇಷ್ಟ್ರೇ?

ದಾವಣಗೆರೆಯ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ನನ್ನ ಮಗಳು ಬೆಂಗಳೂರಿನಲ್ಲಿ ಆಕ್ಚುಯರಿ. ಕಂಪನಿಗಳ ಗ್ರಾಚ್ಯುಟಿ (ಕೆಲಸ ಬಿಡುವಾಗ ನೌಕರರಿಗೆ ಕೊಡುವ ಇಡಿಗಂಟು), ಪಿಂಚಣಿ, ರಜೆ ನಗದೀಕರಣದ ಲೆಕ್ಕ ಹಾಕುತ್ತಾಳೆ. ಪರೀಕ್ಷೆಗಳನ್ನು ಮುಗಿಸಲು ಒಂಬತ್ತು ವರ್ಷ ಹಿಡಿಯಿತು. ಅಬ್ಬಾ ಮುಗಿಯಿತು ಅನ್ನುವಷ್ಟರಲ್ಲಿ, ಪ್ರತಿ ವರ್ಷ ಸಿಪಿಡಿ ಗಂಟೆ, ಅಂದರೆ ಪಾಸಾದ ಮೇಲೂ ಕಲಿಯುತ್ತಲೇ ಇರಬೇಕಾದ ಗಂಟೆ, ತುಂಬಿಸಬೇಕಂತೆ. ಶನಿವಾರ ಹೋಟೆಲ್ ಸಭಾಂಗಣ, ರಾತ್ರಿ ಆನ್‌ಲೈನ್ ಉಪನ್ಯಾಸ. ಡಾಕ್ಟರಿಗಾದರೆ ಹೊಸ ಔಷಧಿ ಬರುತ್ತದೆ, ಸರಿ. ಗ್ರಾಚ್ಯುಟಿಯಲ್ಲಿ ಹೊಸದೇನಿದೆ? 1972ರಿಂದ ಅದೇ 15/26. ಪಾಸಾದವರನ್ನು ಮತ್ತೆ ಮತ್ತೆ ಬೆಂಚಿನ ಮೇಲೆ ಕೂರಿಸುವುದು ಅವಮಾನ ಅಲ್ವಾ?”

ಮೇಷ್ಟ್ರೇ,

ಮೊದಲು ನಿಮ್ಮ ಅಕ್ಷರಕ್ಕೆ ನಮಸ್ಕಾರ. ಗೆರೆಯಿಲ್ಲದ ಹಾಳೆಯಲ್ಲಿ ಇಷ್ಟು ನೇರವಾಗಿ ಬರೆಯುವವರು ಈಗ ಸಿಗುವುದಿಲ್ಲ. ಎರಡು ಪ್ಯಾರಾ ಕತ್ತರಿಸಿದ್ದೇನೆ. ಅಳಿಯಂದಿರ ವಿಷಯ ಅಚ್ಚಿಗೆ ಬೇಡ ಅನ್ನಿಸಿತು.

ನಿಮ್ಮ ಮಾತಿನಲ್ಲಿ ಒಂದು ಪಾಲು ನಿಜ ಇದೆ. ಗಂಟೆ ಎಣಿಸಿ ಕಲಿಕೆ ಅಳೆಯುವುದು ತಮಾಷೆಯೇ. ಅಂಥದ್ದೊಂದು ಸಭೆಗೆ ಗೆಳೆಯರ ಜೊತೆ ನಾನೂ ಹೋಗಿದ್ದೆ. ಮಧ್ಯಾಹ್ನ ಬಿಸಿಬೇಳೆಬಾತ್ ಆದ ಮೇಲೆ ಮುಂದಿನ ಎರಡು ಸಾಲು ಬಿಟ್ಟು ಉಳಿದವರೆಲ್ಲ ಮೊಬೈಲ್ ನೋಡುತ್ತಿದ್ದರು. ಗಂಟೆ ಮಾತ್ರ ಎಲ್ಲರ ಖಾತೆಗೂ ಸಮನಾಗಿ ಬಿತ್ತು. ಸರಿ, ಇಷ್ಟು ನಿಮಗೆ ಬಿಟ್ಟುಕೊಟ್ಟೆ.

ಉಳಿದದ್ದಕ್ಕೆ ನನಗೆ ಸಿಟ್ಟೇ ಬಂದಿದೆ. “1972ರಿಂದ ಅದೇ 15/26” ಅಂದಿರಿ. ಗಣಿತ ಮೇಷ್ಟ್ರು ನೀವು. ಸೂತ್ರ ಎಲ್ಲಿಂದ ಬಂತು ಎಂದು ಕೇಳದೆ ಉತ್ತರ ಬರೆದ ಹುಡುಗನಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲಿ ಇದ್ದದ್ದು ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಎಂದು. ತಿಂಗಳ ಸಂಬಳದವರಿಗೆ ಒಂದು ದಿನದ ಸಂಬಳ ತೆಗೆಯುವುದು ಹೇಗೆ ಎಂದು ಇರಲಿಲ್ಲ. ಮಾಲೀಕರು ತಿಂಗಳಿಗೆ 30 ದಿನ ಅಂದರು. ಕಾರ್ಮಿಕರು ವಾರದ ರಜೆ ಕಳೆದು 26 ಅಂದರು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ದಿಗ್ವಿಜಯ್ ವುಲನ್ ಮಿಲ್ಸ್ ಪ್ರಕರಣ, 1984ರಲ್ಲಿ ಜೀವನ್‌ಲಾಲ್ ಪ್ರಕರಣ. ಎರಡರಲ್ಲೂ 26 ಗೆದ್ದಿತು. 1987ರ ತಿದ್ದುಪಡಿಯಲ್ಲಿ ಅದು ಕಾಯ್ದೆಯ ಪುಟಕ್ಕೇ ಬಂದು ಕೂತಿತು. ಅಂದರೆ ನಿಮ್ಮ 26 ಕಾಯ್ದೆಯೊಳಗೆ ಸೇರಿದ್ದೇ ಕಾಯ್ದೆ ಬಂದು ಹದಿನೈದು ವರ್ಷವಾದ ಮೇಲೆ.

ಇದು ನನಗೆ ಬಾಯಿಪಾಠ ಆಗಿರುವುದಕ್ಕೆ ಕಾರಣ ಇದೆ. ನಮ್ಮ ತಂದೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. 1991ರಲ್ಲಿ ನಿವೃತ್ತರಾದರು. 28 ವರ್ಷದ ಸೇವೆ, ಕೊನೆಯ ಸಂಬಳ 1,300 ರೂಪಾಯಿ. ನಮ್ಮಲ್ಲಿ ಲೆಕ್ಕ ಬರೆಯುತ್ತಿದ್ದವರು ಒಂದು ಪೈಸೆ ಆಚೀಚೆ ಮಾಡಿದವರಲ್ಲ. ಆದರೆ ಲೆಕ್ಕ ಕಲಿತದ್ದು ಎಪ್ಪತ್ತರ ದಶಕದಲ್ಲಿ. 1,300ನ್ನು 30ರಿಂದ ಭಾಗಿಸಿ, 15ರಿಂದ ಗುಣಿಸಿ, 650 ಅಂದರು. 28 ವರ್ಷಕ್ಕೆ 18,200 ರೂಪಾಯಿ. ಹಾರ ಹಾಕಿ, ಶಾಲು ಹೊದಿಸಿ, ಫೋಟೊ ತೆಗೆಸಿ ಕೊಟ್ಟೆವು. 26ರಿಂದ ಭಾಗಿಸಿದ್ದರೆ 750, ಒಟ್ಟು 21,000 ಆಗುತ್ತಿತ್ತು.

ಐದು ವರ್ಷ ಕಳೆದು ಬಂದ ಹೊಸ ಆಡಿಟರ್ ಹಳೆಯ ವೋಚರ್ ತಿರುವುತ್ತಾ ಇದನ್ನು ಹಿಡಿದರು. ಅಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು. ಬಾಕಿ 2,800 ರೂಪಾಯಿಗೆ ಬಡ್ಡಿ ಸೇರಿಸಿ ನಾನೇ ಮನೆಗೆ ಒಯ್ದೆ. ಅವರ ಹೆಂಡತಿ ಲಕೋಟೆ ಬಿಚ್ಚಲಿಲ್ಲ. “ಅವರ ಆಸ್ಪತ್ರೆ ಖರ್ಚಿಗೆ ಬಳೆ ಅಡ ಇಟ್ಟಿದ್ದೆ ಕಣಪ್ಪಾ. ಆಗ ಬಂದಿದ್ದರೆ...” ಅಂದು ಸುಮ್ಮನಾದರು. ಕಾಫಿ ಕೊಟ್ಟರು. ಕುಡಿಯುವುದು ಕಷ್ಟವಾಯಿತು.

ಯಾರೂ ಮೋಸ ಮಾಡಿರಲಿಲ್ಲ ಮೇಷ್ಟ್ರೇ. ಕಾಯ್ದೆ ಬದಲಾಗಿ ನಾಲ್ಕು ವರ್ಷವಾದರೂ ನಮ್ಮಲ್ಲಿ ಯಾರೂ ಓದಿರಲಿಲ್ಲ, ಅಷ್ಟೆ.

ಅಲ್ಲಿಗೇ ನಿಂತಿತೇ? ಗ್ರಾಚ್ಯುಟಿಯ ಮಿತಿ 2010ರಲ್ಲಿ 10 ಲಕ್ಷವಾಯಿತು, 2018ರಲ್ಲಿ 20 ಲಕ್ಷ. ನಿಮ್ಮ ಕಸುಬಿನ ವಿಷಯಕ್ಕೇ ಬರೋಣ. ಖಾಸಗಿ ಶಾಲೆಯ ಮೇಷ್ಟ್ರು ಈ ಕಾಯ್ದೆಯ ಅರ್ಥದಲ್ಲಿ ‘ನೌಕರ’ ಅಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ನೌಕರರೇ ಹೌದು, ಅದೂ 1997ರ ಏಪ್ರಿಲ್ 3ರಿಂದಲೇ ಹೌದು ಅಂದಿತು. ಶಾಲೆಗಳು ಕೋರ್ಟಿಗೆ ಹೋದವು. 2022ರಲ್ಲಿ ಸೋತವು. ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಹುಟ್ಟಿದ ಸಾಲವನ್ನು ಒಂದು ಶಾಲೆಯ ಲೆಕ್ಕದಲ್ಲಿ ಹೇಗೆ ತೋರಿಸಬೇಕು? ಇದು ಯಾವ ಪರೀಕ್ಷೆಯ ಪುಸ್ತಕದಲ್ಲೂ ಮೊದಲೇ ಇರಲು ಸಾಧ್ಯವಿಲ್ಲ.

ಇನ್ನೂ ಹೇಳಲೇ? ನಿಮ್ಮ 1972ರ ಕಾಯ್ದೆ ಈಗ ಕಾಯ್ದೆಯಾಗಿ ಉಳಿದೇ ಇಲ್ಲ. ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು, ಹಳೆಯದು ಅದರೊಳಗೆ ಕರಗಿತು. ಭತ್ಯೆಗಳ ಪಾಲು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ‘ವೇತನ’ಕ್ಕೆ ಸೇರಿಸಬೇಕು. ಮೂಲ ವೇತನ ಚಿಕ್ಕದು ಮಾಡಿ ಭತ್ಯೆ ಉಬ್ಬಿಸಿದ್ದ ಕಂಪನಿಗಳಿಗೆ ಗ್ರಾಚ್ಯುಟಿ ಹೊರೆ ಒಮ್ಮೆಲೇ ಜಾಸ್ತಿಯಾಯಿತು. ನಿಗದಿತ ಅವಧಿಗೆ ಸೇರಿದ ನೌಕರರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಆ ನವೆಂಬರಿನಿಂದ ನಿಮ್ಮ ಮಗಳು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೆ ಎಂದು ಕೇಳಿ ನೋಡಿ. ಪತ್ರದಲ್ಲಿ ಅದನ್ನೂ ಸಿಪಿಡಿ ತಲೆಗೇ ಕಟ್ಟಿದ್ದೀರೇನೋ ಅಂತ ನನಗೆ ಗುಮಾನಿ.

ಮುಖ್ಯ ವಿಷಯ ಬೇರೆ ಇದೆ. 15/26 ಹಾಕುವುದು ನೌಕರ ಬಿಟ್ಟುಹೋಗುವ ದಿನ ಗುಮಾಸ್ತರು ಮಾಡುವ ಕೆಲಸ. ಆಕ್ಚುಯರಿಯ ಕೆಲಸ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಶುರು. ಸಂಬಳ ಎಷ್ಟು ಏರಬಹುದು, ಯಾರು ನಡುವೆ ಬಿಡಬಹುದು, ಯಾರು ಸಾಯಬಹುದು, ಮುಂದೆ ಕೊಡಬೇಕಾದ ಹಣಕ್ಕೆ ಇಂದು ಎಷ್ಟು ತೆಗೆದಿಡಬೇಕು. ಇಪ್ಪತ್ತು ವರ್ಷದ ನಂತರ ಒಂದು ಲಕ್ಷ ಕೊಡಬೇಕು ಅಂದುಕೊಳ್ಳಿ. ಬಡ್ಡಿ ಶೇಕಡ 9 ಇದ್ದರೆ ಇವತ್ತು ಸುಮಾರು 17,800 ರೂಪಾಯಿ ಸಾಕು. ಶೇಕಡ 6 ಆದರೆ 31,200 ಬೇಕು. ಲಾಗ್ ಪುಸ್ತಕ ತೆಗೆದು ನೀವೇ ನೋಡಿ. 2014ರಲ್ಲಿ ಸರ್ಕಾರಿ ಬಾಂಡಿನ ಬಡ್ಡಿ 9ರ ಹತ್ತಿರ ಇತ್ತು. 2020ರಲ್ಲಿ 6ರ ಕೆಳಗೂ ಇಳಿಯಿತು. ಹಳೇ ಸಂಖ್ಯೆಯನ್ನೇ ಹಿಡಿದು ಕೂತವನ ಲೆಕ್ಕ ಹೆಚ್ಚು ಕಡಿಮೆ ಅರ್ಧಕ್ಕೆ ನಿಲ್ಲುತ್ತದೆ.

ಹಾಗೆ ಹಿಡಿದು ಕೂತರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಕಥೆ ಇದೆ. ಈಕ್ವಿಟಬಲ್ ಲೈಫ್ ಎಂಬ ವಿಮಾ ಸಂಸ್ಥೆ 1762ರಲ್ಲಿ ಶುರುವಾಯಿತು. ವಿಮೆಯ ಲೋಕಕ್ಕೆ ‘ಆಕ್ಚುಯರಿ’ ಎಂಬ ಹೆಸರು ಬಂದದ್ದೇ ಅಲ್ಲಿಂದ. (ಕನ್ನಡದಲ್ಲಿ ವಿಮಾಗಣಕ ಅನ್ನುವವರಿದ್ದಾರೆ. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ.) ಅಂಥ ಮನೆತನ 1957ರಿಂದ 1988ರವರೆಗೆ ಪಿಂಚಣಿ ಪಾಲಿಸಿ ಮಾರುವಾಗ, ಕಡಿಮೆ ಅಂದರೂ ಇಷ್ಟು ದರದಲ್ಲಿ ಪಿಂಚಣಿ ಕೊಡುತ್ತೇವೆ ಎಂದು ಖಾತ್ರಿ ಬರೆದುಕೊಟ್ಟಿತು. ಎಪ್ಪತ್ತು ಎಂಬತ್ತರ ದಶಕದಲ್ಲಿ ಬಡ್ಡಿ ಎತ್ತರದಲ್ಲಿತ್ತು. ಆ ಖಾತ್ರಿಗೆ ಖರ್ಚೇ ಇಲ್ಲ ಅನ್ನಿಸಿತ್ತು. ತೊಂಬತ್ತರ ದಶಕದಲ್ಲಿ ಬಡ್ಡಿ ಇಳಿಯಿತು, ಜನ ಹೆಚ್ಚು ಕಾಲ ಬದುಕತೊಡಗಿದರು. ಖಾತ್ರಿ ಉರುಳಾಯಿತು. ಖಾತ್ರಿ ಇದ್ದ ಪಾಲಿಸಿದಾರರ ಬೋನಸ್ ಕತ್ತರಿಸಿ ಸರಿದೂಗಿಸಲು ಹೋದಾಗ, ಅದು ಆಗದು ಎಂದು 2000ದ ಜುಲೈನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಳಿತು. ಡಿಸೆಂಬರಿನಲ್ಲಿ ಹೊಸ ವ್ಯವಹಾರಕ್ಕೆ ಬಾಗಿಲು ಮುಚ್ಚಿತು. ಇನ್ನೂರ ಮೂವತ್ತೆಂಟು ವರ್ಷದ ಸಂಸ್ಥೆ! ಆಮೇಲೆ ಸರ್ಕಾರ ಡೆರೆಕ್ ಮಾರಿಸ್ ಅವರಿಂದ ಇಡೀ ವೃತ್ತಿಯ ತನಿಖೆಯನ್ನೇ ಮಾಡಿಸಿತು. ಈ ಜನ ತಮ್ಮೊಳಗೇ ಮುಖ ಮಾಡಿಕೊಂಡು ಕೂತಿದ್ದಾರೆ ಎಂಬ ಅರ್ಥದ ವರದಿ 2005ರಲ್ಲಿ ಬಂತು. ಅಲ್ಲಿದ್ದವರೂ ನಿಮ್ಮ ಮಗಳ ಹಾಗೆ ವರ್ಷಗಟ್ಟಲೆ ಓದಿ ಪಾಸಾದವರೇ.

ನಮ್ಮ ಮನೆಯಲ್ಲೂ ನೋಡಿ. ನಿಮ್ಮ ಸಂಬಳದಲ್ಲಿ ಪ್ರತಿ ತಿಂಗಳು ಕೆಜಿಐಡಿ, ಅಂದರೆ ಸರ್ಕಾರಿ ನೌಕರರ ಜೀವ ವಿಮೆಯ, ಕಂತು ಹಿಡಿಯುತ್ತಿದ್ದರಲ್ಲ, ಅದು ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದದ್ದು. ಪ್ಲೇಗು, ಕಾಲರಾ ಕಾಲದ ಆಯಸ್ಸಿನ ಅಂದಾಜಿನಲ್ಲೇ ಇವತ್ತಿಗೂ ಕಂತು ಹಿಡಿದಿದ್ದರೆ ನೀವು ಸುಮ್ಮನೆ ಇರುತ್ತಿದ್ದಿರಾ?

ಗಂಟೆಯ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಆಕ್ಚುಯರಿ ಅಭಿಪ್ರಾಯ ಪತ್ರಕ್ಕೆ ಸಹಿ ಹಾಕಬೇಕಾದರೆ ವರ್ಷಕ್ಕೆ 30 ಗಂಟೆ ಕಲಿತಿರಬೇಕು. ಬ್ರಿಟನ್ನಿನವರು 2020ರಲ್ಲಿ ಇನ್ನೊಂದು ಸೇರಿಸಿದರು. ವರ್ಷಕ್ಕೊಮ್ಮೆ ಒಬ್ಬರ ಎದುರು ಕೂತು, ಈ ವರ್ಷ ಏನು ಕಲಿತೆ, ಅದರಿಂದ ಕೆಲಸದಲ್ಲಿ ಏನು ಬದಲಾಯಿತು ಎಂದು ಮಾತಾಡಬೇಕು. ನನಗೆ ಇದು ಬಹಳ ಹಿಡಿಸಿತು. ಬಿಸಿಬೇಳೆಬಾತ್ ತಿಂದು ಬಂದವರಿಗೆ ಅಲ್ಲಿ ಬಾಯಿ ಬರುವುದಿಲ್ಲ.

ನಾನಾಗಿದ್ದರೆ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೆ. ಕೆಲವು ಗಂಟೆ ಪಿಎಫ್ ಕಚೇರಿಯ ಸಾಲಿನಲ್ಲಿ ಕಳೆಯಬೇಕು ಎಂದು ನಿಯಮ ಮಾಡುತ್ತಿದ್ದೆ. ನಗಬೇಡಿ. ಮೂರು ವರ್ಷದ ಹಿಂದೆ ನಮ್ಮ ಪತ್ರಿಕೆಯ 14 ಜನರ ಗ್ರಾಚ್ಯುಟಿ ವರದಿ ಬಂತು. ಯಾರು ಮಾಡಿದ್ದು ಎಂದು ಹೇಳುವುದಿಲ್ಲ. ನಮ್ಮಲ್ಲಿ ನಿವೃತ್ತಿ 60ಕ್ಕೆ, ವರದಿಯಲ್ಲಿ 58. ಏಳನೇ ಪುಟದ ತಲೆಯ ಮೇಲೆ ಯಾವುದೋ ಸಕ್ಕರೆ ಕಾರ್ಖಾನೆಯ ಹೆಸರು. ವರ್ಷಕ್ಕೆ ಶೇಕಡ 2ರಷ್ಟು ಜನ ಕೆಲಸ ಬಿಡುತ್ತಾರೆ ಎಂಬ ಊಹೆಯೂ ಆ ಕಾರ್ಖಾನೆಯದ್ದೇ ಇರಬೇಕು. ಪತ್ರಿಕೆ ಕಚೇರಿಯಲ್ಲಿ ಹುಡುಗರು ಎರಡು ವರ್ಷ ನಿಲ್ಲುವುದಿಲ್ಲ, ಕರಡು ತಿದ್ದುವ ಹಿರಿಯರು ಮಾತ್ರ ಹೋಗುವುದೇ ಇಲ್ಲ! ಗ್ರಾಚ್ಯುಟಿಯಲ್ಲಿ ಯಾರು ಸಾಯುತ್ತಾರೆ ಎನ್ನುವುದಕ್ಕಿಂತ ಯಾರು ಬಿಟ್ಟು ಹೋಗುತ್ತಾರೆ ಎನ್ನುವುದೇ ಲೆಕ್ಕವನ್ನು ಜಾಸ್ತಿ ಅಲುಗಾಡಿಸುತ್ತದೆ. ಅದು ಗೊತ್ತಾಗಬೇಕಾದರೆ ಹಾಜರಿ ಪುಸ್ತಕ ತಿರುವಬೇಕು, ಜನರ ಹತ್ತಿರ ಮಾತಾಡಬೇಕು. ಪಿಎಫ್ ಸಾಲಿನಲ್ಲಿ ನಿಂತರೆ ಇನ್ನೊಂದು ಲೆಕ್ಕವೂ ಕಣ್ಣಿಗೆ ಬೀಳುತ್ತದೆ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆ ಇಪಿಎಸ್‌ನಲ್ಲಿ 15,000 ರೂಪಾಯಿ ಸಂಬಳದ ಮಿತಿಯಲ್ಲಿ 35 ವರ್ಷದ ಸೇವೆಗೆ ಬರುವ ಪಿಂಚಣಿ ತಿಂಗಳಿಗೆ 7,500. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1,000.

ನಮ್ಮ ನಾಡಿನ ರೋಗವೇ ಇದು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದ ದಿನವೇ ಪುಸ್ತಕ ರದ್ದಿಗೆ. ವಕೀಲರು, ಎಂಜಿನಿಯರುಗಳು, ಪತ್ರಕರ್ತರು, ಯಾರನ್ನೂ ಬಿಡಬೇಡಿ. ನನ್ನನ್ನೂ ಬಿಡಬೇಡಿ. ನಿಮಗೂ ಬೇಸಿಗೆಯಲ್ಲಿ ತರಬೇತಿ ಹಾಕುತ್ತಿದ್ದರಲ್ಲ, ಹಾಜರಿಗೆ ಸಹಿ ಹಾಕಿ ಎಷ್ಟು ಜನ ಚಹಾದಂಗಡಿಗೆ ಹೋಗುತ್ತಿದ್ದರು, ನಿಜ ಹೇಳಿ. ನೀವು ಹೋದವರಲ್ಲ ಎಂದು ನಿಮ್ಮ ಅಕ್ಷರವೇ ಹೇಳುತ್ತದೆ.

ಇದರ ಬೆಲೆ ಯಾರು ತೆರುತ್ತಾರೆ? ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ (ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಪಿಂಚಣಿ), ಅದಕ್ಕೆ ಮೊದಲಿನವರಿಗೆ ಖಾತ್ರಿಯ ಹಳೆಯ ಪಿಂಚಣಿ. ಒಂದೇ ಸ್ಟಾಫ್ ರೂಮಿನಲ್ಲಿ ಎರಡು ಪಂಗಡ. 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿದ್ದು ನೆನಪಿರಬಹುದು. ಕೇಂದ್ರದಲ್ಲಿ 2025ರ ಏಪ್ರಿಲ್‌ನಿಂದ ಯುಪಿಎಸ್ ಎಂಬ ಮೂರನೆಯದೂ ಬಂದಿದೆ. 25 ವರ್ಷ ಸೇವೆಯಾದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಪಿಂಚಣಿ. ಮೂರರಲ್ಲಿ ಯಾವುದಕ್ಕೆ ಎಷ್ಟು ಖರ್ಚು, ಅದನ್ನು ಯಾರು ಹೊರುತ್ತಾರೆ? ಟಿವಿಯಲ್ಲಿ ಕಿರುಚಾಡಿದವರನ್ನು ನೂರು ಜನರನ್ನು ಕಂಡಿದ್ದೇನೆ. ಕನ್ನಡದಲ್ಲಿ ಕೂತು ಬಿಡಿಸಿ ಹೇಳಿದ ಒಬ್ಬ ಆಕ್ಚುಯರಿಯನ್ನು ಇನ್ನೂ ಕಂಡಿಲ್ಲ. ಅವರು ಕಲಿಯುವುದೂ ಇಂಗ್ಲಿಷಿನಲ್ಲಿ, ವರದಿ ಬರೆಯುವುದೂ ಇಂಗ್ಲಿಷಿನಲ್ಲಿ. ಓದುವವರು ಆಡಿಟರ್ ಮತ್ತು ಬೋರ್ಡಿನವರು. ಯಾರ ಬದುಕಿನ ಲೆಕ್ಕವೋ ಅವರ ಕೈಗೆ ಅದು ಬರುವುದೇ ಇಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಹೊಸ ಸಂಹಿತೆಯಲ್ಲಿ ಗ್ರಾಚ್ಯುಟಿ ಹೇಗೆ ಬದಲಾಯಿತು ಎಂದು ನಮ್ಮ ಪತ್ರಿಕೆಗೆ ನಾಲ್ಕು ಪುಟ ಬರೆದುಕೊಡಲು ಮಗಳಿಗೆ ಹೇಳಿ. ಸಂಭಾವನೆ ಕಡಿಮೆ. ಅದಕ್ಕೆ ಸಿಪಿಡಿ ಗಂಟೆ ಸಿಗುತ್ತದೋ ಇಲ್ಲವೋ, ಅವರ ಸಂಸ್ಥೆಯನ್ನೇ ಕೇಳಿಕೊಳ್ಳಲಿ. ಕರಡನ್ನು ಮೊದಲು ದಾವಣಗೆರೆಗೆ ಕಳುಹಿಸುತ್ತೇನೆ. ಕೆಂಪು ಪೆನ್ನು ಇನ್ನೂ ಇಟ್ಟುಕೊಂಡಿದ್ದೀರಿ ತಾನೇ?

— ಸಂಪಾದಕ