ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರಿನ ಸಿಮ್ಯುಲೇಶನ್ ಲೆಕ್ಕ ಅಳತೆಗೆ ಹೊಂದದಿದ್ದರೆ ಅರೇಖೀಯ ಪೀಜೋ ಪದ ಸೇರಿಸಬೇಕೇ?

ಬೇಡ, ಈಗಲೇ ಬೇಡ. ಪೀಜೋ ಎಂದರೆ ಹರಳು ಹಿಗ್ಗಿದಾಗ ಇಲ್ಲವೇ ಕುಗ್ಗಿದಾಗ ಹುಟ್ಟುವ ಧ್ರುವೀಕರಣ; ಅರೇಖೀಯ ಪದವೆಂದರೆ ಅದರಲ್ಲಿ ಹಿಗ್ಗಿನ ವರ್ಗಕ್ಕೆ ತಕ್ಕಂತೆ ಬೆಳೆಯುವ ಭಾಗ. ಪಿಎಚ್.ಡಿ.ಯ ಎರಡನೇ ವರ್ಷದಲ್ಲಿ ನಾನು ಸೇರಿಸಿದೆ. ಹದಿನಾಲ್ಕು ತಿಂಗಳು ಅದಕ್ಕೇ ಹೋಯಿತು.

ನನ್ನದೂ ನಿಮ್ಮಂಥದ್ದೇ ಟ್ರಾನ್ಸಿಸ್ಟರ್. ಕೆಳಗೆ ಗ್ಯಾಲಿಯಂ ನೈಟ್ರೈಡ್, ಮೇಲೆ ಶೇ 30 ಅಲ್ಯೂಮಿನಿಯಂ ಬೆರೆತ ತೆಳುಪದರ. ಹಾಲ್ ಅಳತೆ (ಕಾಂತಕ್ಷೇತ್ರದಲ್ಲಿಟ್ಟು ಎಲೆಕ್ಟ್ರಾನ್ ಸಂಖ್ಯೆ ತಿಳಿಯುವ ವಿಧಾನ) ಚದರ ಸೆಂಟಿಮೀಟರಿಗೆ ಸುಮಾರು 10¹³ ಎಲೆಕ್ಟ್ರಾನ್ ತೋರಿಸುತ್ತಿತ್ತು. ಎರಡು ಪದರಗಳ ಧ್ರುವೀಕರಣದ ವ್ಯತ್ಯಾಸವೇ ಅವುಗಳನ್ನು ನಡುಗಡಿಯಲ್ಲಿ ಸೇರಿಸುವುದು. ನನ್ನ ಸಿಮ್ಯುಲೇಶನ್‌ನಲ್ಲಿ ಆ ಎಲೆಕ್ಟ್ರಾನ್ ಪದರವೇ ಇರಲಿಲ್ಲ. ಆಗಷ್ಟೇ ಅರೇಖೀಯ ಪೀಜೋ ಪರಿಣಾಮದ ಪ್ರಬಂಧಗಳನ್ನು ಓದಿ ಮುಗಿಸಿದ್ದೆ. ಕೊರತೆಗೆ ಅದೇ ಕಾರಣವೆಂದು ನಂಬಿ ಎರಡನೇ ಘಾತದ ಗುಣಾಂಕವನ್ನು ಹೆಚ್ಚಿಸುತ್ತ ಹೋದೆ. ಅಳತೆಗೆ ಹೊಂದುವ ಹೊತ್ತಿಗೆ ಅದು ಚದರ ಮೀಟರಿಗೆ 300 ಕೂಲಂಬ್ ದಾಟಿತ್ತು. ಫಿಯೊರೆಂಟಿನಿ, ಬರ್ನಾರ್ಡಿನಿ, ಅಂಬಾಕರ್ 2002ರಲ್ಲಿ ಗ್ಯಾಲಿಯಂ ನೈಟ್ರೈಡ್‌ಗೆ ಕೊಟ್ಟಿದ್ದು 9.5! ಮೂವತ್ತು ಪಟ್ಟು ಹೆಚ್ಚಿದ್ದರೂ ನಾನು ನಿಲ್ಲಲಿಲ್ಲ. ಗ್ರಾಫ್ ಹೊಂದಿತಲ್ಲ ಎಂಬುದೊಂದೇ ಸಮಾಧಾನ. ಶೇ 15 ಅಲ್ಯೂಮಿನಿಯಂನ ವೇಫರ್ ಬಂದಾಗ ನನ್ನ ಲೆಕ್ಕ ಅಳತೆಯ ಅರ್ಧಕ್ಕೆ ಕುಸಿಯಿತು. ಅಷ್ಟರಲ್ಲಿ ಸಮ್ಮೇಳನಕ್ಕೆ ಸಾರಾಂಶ ಕಳುಹಿಸಿಯಾಗಿತ್ತು. ಅದನ್ನು ಹಿಂಪಡೆಯಬೇಕಾಯಿತು.

ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ನನಗೆ ಯಾರೂ ಹೇಳಲಿಲ್ಲ. ಹಿಗ್ಗಿಸದಿದ್ದರೂ ಹರಳಿನಲ್ಲಿ ತಾನಾಗಿ ಇರುವ ಸ್ವಯಂ ಧ್ರುವೀಕರಣದ ಮೌಲ್ಯ ಯಾವ ಹರಳಿನ ರಚನೆಯನ್ನು ಸೊನ್ನೆಯೆಂದು ಹಿಡಿಯುತ್ತೀರಿ ಎನ್ನುವುದರ ಮೇಲೆ ನಿಂತಿದೆ. 1997ರ ಬರ್ನಾರ್ಡಿನಿ, ಫಿಯೊರೆಂಟಿನಿ, ವಾಂಡರ್‌ಬಿಲ್ಟ್ ಪಟ್ಟಿ ಜಿಂಕ್‌ಬ್ಲೆಂಡ್ ಎಂಬ ಘನಾಕಾರದ ಹರಳಿನ ರಚನೆಯಿಂದ ಅಳೆಯುತ್ತದೆ. ಗ್ಯಾಲಿಯಂ ನೈಟ್ರೈಡ್‌ಗೆ ಚದರ ಮೀಟರಿಗೆ −0.029 ಕೂಲಂಬ್ (ಮುಂದಿನ ಧ್ರುವೀಕರಣದ ಅಂಕಿಗಳೂ ಇದೇ ಮಾನದಲ್ಲಿವೆ). 2016ರಲ್ಲಿ ಡ್ರೇಯರ್ ಮತ್ತು ಸಂಗಡಿಗರು ಪದರಗಳು ಚಪ್ಪಟೆಯಾದ ಷಟ್ಕೋನ ರಚನೆಯಿಂದ ಅಳೆದರು. ಅದೇ ವಸ್ತುವಿಗೆ 1.312. ಎರಡೂ ತಮ್ಮ ತಮ್ಮ ನೆಲೆಯಲ್ಲಿ ನಿಂತ ಅಂಕಿಗಳು. ನಾನು ಸ್ವಯಂ ಧ್ರುವೀಕರಣವನ್ನು ಹೊಸ ಪಟ್ಟಿಯಿಂದಲೂ ಪೀಜೋ ಸ್ಥಿರಾಂಕಗಳನ್ನು ಹಳೆಯ ಪಟ್ಟಿಯಿಂದಲೂ ತೆಗೆದುಕೊಂಡೆ.

ಧ್ರುವೀಕರಣವೆಂದರೆ ಕ್ಷೇತ್ರಫಲದ ಲೆಕ್ಕದಲ್ಲಿ ಹೇಳುವ ವಿದ್ಯುದಾವೇಶ. ಮೇಲಿನ ಪದರ ಕೆಳಗಿನದಕ್ಕೆ ಹೊಂದಿಕೊಳ್ಳಲು ಎರಡೂ ದಿಕ್ಕಿಗೆ ಶೇ 0.73 ಹಿಗ್ಗುತ್ತದೆ, ಕ್ಷೇತ್ರಫಲ ಶೇ 1.46 ಬೆಳೆಯುತ್ತದೆ. ಅದೇ ಆವೇಶ ದೊಡ್ಡ ಜಾಗದಲ್ಲಿ ಹರಡಿ ತೆಳುವಾಗುತ್ತದೆ. 0.03ರಲ್ಲಿ ಶೇ 1.46 ಎಂದರೆ ಏನೂ ಅಲ್ಲ. 1.3ರಲ್ಲಿ ಅದು 0.019, ಇಡೀ ಪೀಜೋ ಕೊಡುಗೆಗಿಂತ ದೊಡ್ಡದು. ಅಡ್ಡ ಹಿಗ್ಗಿಗೆ ಧ್ರುವೀಕರಣ ಎಷ್ಟು ಬದಲಾಗುತ್ತದೆಂದು ಹೇಳುವ ಪೀಜೋ ಸ್ಥಿರಾಂಕ ಇ-31 ಹೊಸ ಪಟ್ಟಿಯಲ್ಲಿ −1.86ರಷ್ಟು ಇರುವುದು ಇದನ್ನು ಒಳಗೊಂಡೇ. ಹಳೆಯ −0.49ರಲ್ಲಿ ಅದು ಇಲ್ಲ. ನನ್ನ ಬೆರಕೆಯಲ್ಲಿ ಸ್ವಯಂ ಧ್ರುವೀಕರಣದ ವ್ಯತ್ಯಾಸ +0.012, ಪೀಜೋ −0.011. ಒಂದನ್ನೊಂದು ನುಂಗಿದವು. ಮಾಯವಾದ ಎಲೆಕ್ಟ್ರಾನ್ ಪದರದ ಕಥೆ ಇಷ್ಟೇ.

ಹೊಸ ಪಟ್ಟಿಯನ್ನು ಇಡಿಯಾಗಿ ಬಳಸಿದಾಗ ಮೊತ್ತ −0.021 ಬಂತು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1.3×10¹³ ಎಲೆಕ್ಟ್ರಾನ್. ಅಚ್ಚರಿಯೆಂದರೆ 2002ರ ಅರೇಖೀಯ ಸೂತ್ರಗಳನ್ನು ಇಡಿಯಾಗಿ ಬಳಸಿದರೂ ಅಷ್ಟೇ ಬರುತ್ತದೆ. ಆ ರಾತ್ರಿ ಎರಡನ್ನೂ ಮೂರು ಸಲ ಲೆಕ್ಕ ಹಾಕಿ ನೋಡಿದೆ.

ಆದ್ದರಿಂದ ರೇಖೀಯವೋ ಅರೇಖೀಯವೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ನಿಮ್ಮ ಪದರದಂತೆ ಹಿಗ್ಗು ಶೇ 1ಕ್ಕಿಂತ ಕಡಿಮೆಯಿದ್ದಲ್ಲಿ, 2002ರ ಸೂತ್ರದಲ್ಲೇ ಎರಡನೇ ಘಾತದ ಪದ ಪೀಜೋ ಭಾಗವನ್ನು ಶೇ 3ರಷ್ಟು ಮಾತ್ರ ಬದಲಿಸುತ್ತದೆ. ಎಲ್‌ಇಡಿಗಳ ಇಂಡಿಯಂ ಗ್ಯಾಲಿಯಂ ನೈಟ್ರೈಡ್‌ನ ವಿಷಯ ಬೇರೆ. ಶೇ 20 ಇಂಡಿಯಂ ಇದ್ದರೆ ಪದರ ಶೇ 2ಕ್ಕೂ ಹೆಚ್ಚು ಕುಗ್ಗಿರುತ್ತದೆ, ಅದೇ ಪದ ರೇಖೀಯ ಭಾಗದ ಐದನೇ ಒಂದರಷ್ಟಾಗುತ್ತದೆ. ಅಲ್ಲಿ ಅದನ್ನು ಬಿಟ್ಟರೆ ಹೊಮ್ಮುವ ಬೆಳಕಿನ ಬಣ್ಣವೇ ತಪ್ಪುತ್ತದೆ.

ನೀವು ಇನ್‌ಪುಟ್ ಫೈಲ್ ತೆರೆದು ಸ್ವಯಂ ಧ್ರುವೀಕರಣದ ಸಾಲನ್ನೂ ಇ-31 ಸಾಲನ್ನೂ ಅಕ್ಕಪಕ್ಕ ನೋಡಿ. 1.3ರ ಪಕ್ಕ −0.5ರ ಆಸುಪಾಸಿನ ಅಂಕಿಯಿದ್ದರೆ, ಕ್ಷೇತ್ರಫಲದ ಆ ತಿದ್ದುಪಡಿಯನ್ನು ಸಾಫ್ಟ್‌ವೇರ್ ತಾನಾಗಿ ಮಾಡುತ್ತದೆಯೇ ಎಂದು ಕೈಪಿಡಿಯಲ್ಲಿ ಹುಡುಕಿ. ಮಾಡದಿದ್ದರೆ ಎರಡು ಸಾಲನ್ನೂ ಅಳಿಸಿ, ಒಂದೇ ಪಟ್ಟಿಯಿಂದ ಮತ್ತೆ ತುಂಬಿ. ಹೊಸ ಮೊತ್ತ ಎಷ್ಟು ಬಂತೆಂದು ಇಲ್ಲಿ ಬರೆಯಿರಿ, ನಾನೂ ಲೆಕ್ಕ ಹಾಕಿ ನೋಡುತ್ತೇನೆ.