ಊರೆಲ್ಲಿ ಹೋಯ್ತು ಅಂತ ಕೇಳಿದ್ದೀರಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಬಂತು. ನಾಲ್ಕು ಹಾಳೆ, ಎರಡೂ ಮಗ್ಗುಲು ಬರೆದಿದ್ದೀರಿ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗೆ ಗೊತ್ತಾಗಲಿ ಅಂತ ನಾನೇ ಚುಟುಕಾಗಿ ಹೇಳುತ್ತೇನೆ. ನೀವು ದಾವಣಗೆರೆಯವರು, ನಿವೃತ್ತ ಶಿಕ್ಷಕರು. ನಮ್ಮ ಕರಾವಳಿ ವಿಶೇಷಾಂಕ ಓದಿ, ಮೊಮ್ಮಕ್ಕಳನ್ನು ಕರೆದುಕೊಂಡು ಮಲ್ಪೆಗೆ ಹೋಗಿದ್ದೀರಿ. ಅಲ್ಲಿ ಬಂದರು ಕಂಡಿತು, ಐಸ್ ಪ್ಲಾಂಟು ಕಂಡಿತು, ಲಾರಿ ಸಾಲು ಕಂಡಿತು, ಬೀಚಿನಲ್ಲಿ ವಾಟರ್ ಸ್ಕೂಟರ್ ಕಂಡಿತು. ನಾವು ಬರೆದಿದ್ದ ಮೀನುಗಾರರ ಹಳ್ಳಿ ಮಾತ್ರ ಕಾಣಲಿಲ್ಲ. 'ಊರೆಲ್ಲಿ ಹೋಯ್ತು ಸ್ವಾಮಿ? ಇಡೀ ಊರು ಸೇರಿ ಒಂದೇ ಬಲೆ ಎಳೆಯುತ್ತಿತ್ತು ಅಂತ ಬರೆದಿರಲ್ಲ, ಅದು ನಿಜವೋ, ಹಳೇ ಕಾಲದ ಮೇಲಿನ ಮೋಹವೋ?' ಅಂತ ಕೇಳಿದ್ದೀರಿ. ಜತೆಗೆ ಒಂದು ಫೋಟೋದ ಬಗ್ಗೆ ತಕರಾರು. ಕೆಳಗೆ 'ರಂಪಣಿ' (ನೂರಾರು ಕೈ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ) ಅಂತ ಬರೆದಿದೆ, ಎಣಿಸಿದರೆ ಇಪ್ಪತ್ತು ಜನವೂ ಇಲ್ಲ.

ಮೊದಲು ಫೋಟೋ ವಿಚಾರ ಮುಗಿಸೋಣ. ತಪ್ಪು ನಮ್ಮದೇ. ಅದು ರಂಪಣಿ ಅಲ್ಲ, ಕೆಲವೇ ಜನ ಎಳೆಯುವ ಚಿಕ್ಕ ಬಲೆ, ಕೈರಂಪಣಿ. ಅಡಿಬರಹ ಬರೆದವನು ನಾನು, ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ನಲವತ್ತು ವರ್ಷ ಹಾಜರಿ ಕೂಗಿದವರು ತಲೆ ಎಣಿಸದೆ ಬಿಡುತ್ತಾರಾ!

ದೊಡ್ಡ ರಂಪಣಿಯ ಲೆಕ್ಕವೇ ಬೇರೆ. ಬಲೆಯ ಉದ್ದ ಒಂದು ಕಿಲೋಮೀಟರಿನ ಆಸುಪಾಸು, ಕೆಲವು ಅದಕ್ಕೂ ಜಾಸ್ತಿ. ಎಳೆಯಲು ಎಂಬತ್ತು, ನೂರು ಜನ ಬೇಕು. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಅದರ ಕಾಲ ಶುರು. ಆಗ ಬಂಗುಡೆ, ಬೂತಾಯಿ ಹಿಂಡು ಹಿಂಡಾಗಿ ದಡದ ಹತ್ತಿರಕ್ಕೆ ಬರುತ್ತವೆ. ನೀರಿನ ಬಣ್ಣ ನೋಡಿ, ಹಕ್ಕಿ ಎರಗುವುದನ್ನು ನೋಡಿ, ಹಿಂಡು ಎಲ್ಲಿದೆ ಅಂತ ಹೇಳುವ ಕಣ್ಣು ಕೆಲವರಿಗಿತ್ತು. ದೋಣಿ ಹಗ್ಗದ ಒಂದು ತುದಿಯನ್ನು ದಡದವರ ಕೈಗೆ ಕೊಟ್ಟು ಹೊರಡುತ್ತದೆ. ಬಲೆ ಇಳಿಸುತ್ತ ಇಳಿಸುತ್ತ ಹಿಂಡಿನ ಆಚೆಯಿಂದ ಸುತ್ತು ಹಾಕಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡು ಗುಂಪು, ಎರಡು ಹಗ್ಗ, ಗಂಟೆಗಟ್ಟಲೆ ಎಳೆತ. ಮೀನು ತುಂಬಾ ಬಿದ್ದ ದಿನ ಬಲೆಯನ್ನು ಪೂರ್ತಿ ಮೇಲಕ್ಕೆ ತರುತ್ತಲೇ ಇರಲಿಲ್ಲ. ದಡದ ಬಳಿ ನೀರಿನಲ್ಲೇ ಸುತ್ತುಗಟ್ಟಿ ನಿಲ್ಲಿಸುತ್ತಿದ್ದರು. ಮೀನು ಒಳಗೆ ಈಜಾಡಿಕೊಂಡಿರುತ್ತಿತ್ತು. ಇವತ್ತಿಗೆ ಬೇಕಾದಷ್ಟು ಇವತ್ತು ತೆಗೆಯುವುದು, ನಾಳೆಯದು ನಾಳೆ. ಐಸ್ ಇಲ್ಲದ ಕಾಲಕ್ಕೆ ಅದೇ ಕೋಲ್ಡ್ ಸ್ಟೋರೇಜು.

'ಇಡೀ ಊರು' ಅಂತ ನಾವು ಬರೆದದ್ದು ಸುಮ್ನೆ ಅಲ್ಲ. ಆ ಬಲೆ ಒಬ್ಬರ ಬಲೆ ಆಗಿರುತ್ತಿರಲಿಲ್ಲ. ಸದಸ್ಯರಾದ ಮನೆಯವರು ಒಂದೊಂದು ತುಂಡು ಬಲೆ ತರಬೇಕು. ಎಲ್ಲ ತುಂಡು ಸೇರಿಸಿ ಹೊಲಿದರೆ ರಂಪಣಿ. ಮೀನು ಮಾರಿದ ಮೇಲೆ ದೋಣಿಗೆ ಪಾಲು, ಬಲೆಗೆ ಪಾಲು, ಹಗ್ಗ ಹಿಡಿದ ಕೈಗೆ ಪಾಲು. ನಿಮ್ಮ ತುಂಡು ಹರಿದಿದ್ದರೆ ಮೀನು ಅಲ್ಲಿಂದಲೇ ಹೋಗುತ್ತದೆ, ನೂರು ಜನರ ಪಾಲೂ ಅದರ ಜತೆ ಹೋಗುತ್ತದೆ. ಹಾಗಾಗಿ ಪಕ್ಕದ ಮನೆಯವನ ಬಲೆ ನೆಟ್ಟಗಿದೆಯಾ ಅಂತ ನೋಡುವುದು ಎಲ್ಲರ ಕೆಲಸ. ಜಗಳವಾಡಿ ಮಾತು ಬಿಟ್ಟರೂ ಬೆಳಗ್ಗೆ ಒಂದೇ ಹಗ್ಗ ಹಿಡಿಯಬೇಕು. ಎಲ್ಲ ಕಡೆಯೂ ಹೀಗೇ ಇತ್ತು ಅಂತಲ್ಲ, ಸಾಹುಕಾರರ ದುಡ್ಡಿನಲ್ಲಿ ನಡೆದ ರಂಪಣಿಗಳೂ ಇದ್ದವು. ಆದರೂ ಊರನ್ನು ಊರಾಗಿ ಇಟ್ಟಿದ್ದು ಈ ಹೊಲಿಗೆಯೇ ಅಂತ ನನ್ನ ಲೆಕ್ಕ.

ಮೋಹದ ಮಾತಿಗೆ ಬರುತ್ತೇನೆ. ಆ ಕಾಲ ಸುಖದ ಕಾಲ ಅಂತ ನಮ್ಮ ಲೇಖನದಲ್ಲಿ ಧ್ವನಿಸಿದ್ದರೆ ಅದು ಸರಿಯಲ್ಲ. ಬಂಗುಡೆ ಬಾರದ ವರ್ಷ ಬಾರದು, ಅಷ್ಟೇ. ಬಂದ ವರ್ಷ ವಿಪರೀತ ಬಂದು ಬೆಲೆ ಬಿದ್ದುಹೋಗುವುದು. ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋದದ್ದಕ್ಕೆ ಲೆಕ್ಕವಿಲ್ಲ. ಮಳೆಗಾಲ ಪೂರ್ತಿ ಒಣಮೀನು ಮತ್ತು ಸಾಲ. ಹೊಟ್ಟೆಪಾಡಿಗೆ ಮುಂಬೈ ಹಡಗು ಹತ್ತಿದವರು ಎಷ್ಟೋ ಜನ. ಕರಾವಳಿಯ ಮೀನುಗಾರ ಸಮುದಾಯವಾದ ಮೊಗವೀರರು ಅಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು, ದುಡಿಯುವ ಹುಡುಗರಿಗೆ ರಾತ್ರಿ ಶಾಲೆ ನಡೆಸಿದರು. ಊರು ಸುಖವಾಗಿದ್ದಿದ್ದರೆ ಯಾರಾದರೂ ಅಷ್ಟು ದೂರ ಹೋಗಿ ಸಂಘ ಕಟ್ಟುತ್ತಿದ್ದರಾ?

ಇನ್ನು ಊರು ಎಲ್ಲಿ ಅನ್ನುವ ಪ್ರಶ್ನೆ. ನೀವು ಬೀಚಿನಲ್ಲಿ ಕಡಲು ನೋಡುತ್ತ ನಿಂತಿದ್ದಿರಿ. ಊರು ನಿಮ್ಮ ಬೆನ್ನ ಹಿಂದೆ ಇತ್ತು. ಕರಾವಳಿಯ ಮೊಗವೀರರ ಕೇರಿಯನ್ನು ಹಳ್ಳಿ ಅನ್ನುವುದಿಲ್ಲ, ಪಟ್ಟಣ ಅನ್ನುತ್ತಾರೆ. ನಗು ಬಂತಾ? ಕಡಲ ಬದಿಯ ಊರಿಗೆ ಅದು ಹಳೇ ಹೆಸರು. ಆ ಕಡೆ ತಮಿಳರ ನಾಗಪಟ್ಟಿಣಂ ಇಲ್ವಾ, ಹಾಗೆ. ತೆಂಗಿನ ಮರದ ನಡುವೆ ಉದ್ದಕ್ಕೆ ಮನೆಗಳ ಸಾಲು. ಮಲ್ಪೆ ಹೊಳೆಯ ಆಚೆಗಿನ ಪಡುಕೆರೆಗೆ ಮುಂದಿನ ಸಲ ಹೋಗಿ ನೋಡಿ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮರಳಿನ ಒಂದು ಪಟ್ಟಿ. ಆ ಪಟ್ಟಿಯ ಮೇಲೇ ಊರು.

ನಿಮಗೆ ಅಲ್ಲಲ್ಲಿ ಭಜನಾ ಮಂದಿರ ಕಂಡು, 'ಇಷ್ಟೊಂದು ಭಕ್ತಿಯೇ' ಅಂತ ಬರೆದಿದ್ದೀರಿ. ಭಕ್ತಿ ಇದೆ. ಅದರ ಜತೆಗೆ ಅದು ಊರಿನ ಚಾವಡಿಯೂ ಹೌದು. ಭಜನೆ ಮುಗಿದ ಮೇಲೆ ಊರಿನ ಮಾತು ಶುರುವಾಗುತ್ತದೆ. ಪಟ್ಟಣಕ್ಕೊಬ್ಬ ಗುರಿಕಾರ ಇರುತ್ತಾನೆ. ವ್ಯಾಜ್ಯ, ದಂಡ, ಮದುವೆ, ಸಾವು, ಎಲ್ಲದಕ್ಕೂ ಅವನು ಬೇಕು. ಮನೆತನ ತಾಯಿ ಕಡೆಯಿಂದ ನಡೆಯುವ ಅಳಿಯಕಟ್ಟು ಇವರದು. ಇನ್ನು ದೈವ ಬೊಬ್ಬರ್ಯ. ಕಡಲ ವ್ಯಾಪಾರಿಯಾದ ಬ್ಯಾರಿಯ ಮಗ ಅವನು ಅಂತ ಪಾಡ್ದನ, ಅಂದರೆ ದೈವದ ಕಥೆ ಹೇಳುವ ತುಳು ಹಾಡು, ಹೇಳುತ್ತದೆ. ಮುಸ್ಲಿಂ ವರ್ತಕನ ಮಗ ಮೊಗವೀರರ ದೈವವಾಗಿ ಕೋಲ, ಅಂದರೆ ದೈವದ ಆರಾಧನೆ, ಪಡೆಯುತ್ತಾನೆ. ಕಡಲ ಬದಿಯಲ್ಲಿ ಇದನ್ನು ಯಾರೂ ವಿಶೇಷ ಅಂತ ಹೇಳಿಕೊಳ್ಳುವುದಿಲ್ಲ, ಘಟ್ಟದ ಮೇಲಿನವರಿಗೆ ಹೇಳಿದಾಗಲೇ ಅದು ವಿಶೇಷ ಅನ್ನಿಸುವುದು. ನೂಲ ಹುಣ್ಣಿಮೆ ಹೊತ್ತಿಗೆ ವಡಭಾಂಡೇಶ್ವರದ ಬಲರಾಮನಿಗೆ ಪೂಜೆ ಮಾಡಿಸಿ, ಮೆರವಣಿಗೆಯಲ್ಲಿ ಬಂದು ಕಡಲಿಗೆ ಹಾಲು, ತೆಂಗಿನಕಾಯಿ ಬಿಡುತ್ತಾರೆ.

ಹೆಂಗಸರ ಬಗ್ಗೆ ನೀವು ಕೇಳಿಲ್ಲ. ನಾನೇ ಹೇಳುತ್ತೇನೆ, ಯಾಕೆಂದರೆ ನನಗೆ ಪಟ್ಟಣದ ಪರಿಚಯ ಆದದ್ದೇ ಅವರಿಂದ. ನಮ್ಮ ಮನೆ ಉಡುಪಿಯಿಂದ ಒಳಗೆ. ಬುಟ್ಟಿ ಹೊತ್ತ ಅಕ್ಕ ಒಬ್ಬರು 'ಮೀನ್ ಬೋಡಾ?' (ಮೀನು ಬೇಕಾ?) ಅಂತ ದೂರದಿಂದಲೇ ಕೂಗುತ್ತ ಬರುತ್ತಿದ್ದರು. ಬುಟ್ಟಿ ಇಳಿಸಲು ಅಮ್ಮ ಒಂದು ಕೈ ಕೊಡಬೇಕು. ಅಮ್ಮ ಬಂಗುಡೆಯ ಕಿವಿರು ಬಿಡಿಸಿ ಕೆಂಪಗಿದೆಯಾ ಅಂತ ನೋಡುವಳು. ಆ ಅಕ್ಕ ನೋಡಿಯೂ ನೋಡದ ಹಾಗೆ ಎಲೆ ಅಡಿಕೆ ಹಾಕಿಕೊಳ್ಳುವರು. ಎರಡೆರಡಾಗಿ ಎಣಿಸಿ, ಕೊನೆಗೆ ಕೊಸರು ಒಂದು. ದುಡ್ಡಿಲ್ಲದ ದಿನ ಅಡಿಗೆಮನೆ ಗೋಡೆಯ ಮೇಲೆ ಇದ್ದಿಲಿನ ಗೀಟು. ಕೊಯ್ಲಿನ ಹೊತ್ತಿಗೆ ಗೀಟು ಎಣಿಸಿ ಅಕ್ಕಿ ಅಳೆದು ಕೊಡುವುದು. ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ಗೀಟು ನಮ್ಮ ಗೋಡೆ ಮೇಲಿತ್ತು, ಲೆಕ್ಕ ಅವರ ತಲೆಯಲ್ಲಿತ್ತು.

ಇದೆಲ್ಲ ಯಾವಾಗ ಬದಲಾಯಿತು? 1960ರ ದಶಕದಲ್ಲಿ ಕಡಲಡಿಯಲ್ಲಿ ಬಲೆ ಎಳೆಯುವ ಟ್ರಾಲ್ ಬೋಟು ಬಂದವು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಇದೆ ಅಂತ ಗೊತ್ತಾಯಿತು. ಅಲ್ಲಿಯವರೆಗೂ ರಂಪಣಿಗೆ ದೊಡ್ಡ ಪೆಟ್ಟು ಬಿದ್ದಿರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು ನೋಡಿ, ಅದು ಆಟವನ್ನೇ ಮುಗಿಸಿತು. ರಂಪಣಿಯವರು ಮೀನು ದಡಕ್ಕೆ ಬರಲಿ ಅಂತ ಕಾಯಬೇಕು. ಪರ್ಸೀನ್ ಬೋಟು ಹಿಂಡು ಇದ್ದಲ್ಲಿಗೇ ಹೋಗಿ, ಸುತ್ತ ಬಲೆ ಬಿಟ್ಟು, ಕೆಳಗಿನ ಹಗ್ಗ ಎಳೆದು ಚೀಲದ ಬಾಯಿ ಬಿಗಿದ ಹಾಗೆ ಬಿಗಿಯುತ್ತದೆ. ದಡಕ್ಕೆ ಬರಬೇಕಾದ ಮೀನು ನಡುನೀರಿನಲ್ಲೇ ಮುಗಿಯಿತು. ಗಲಾಟೆಗಳಾದವು, ರಂಪಣಿಯವರು ಬೀದಿಗೆ ಇಳಿದರು. ಕೆಲವೇ ವರ್ಷಗಳಲ್ಲಿ ದೊಡ್ಡ ಬಲೆಗಳು ಮೂಲೆ ಸೇರಿದವು. ಬ್ಯಾಂಕ್ ಸಾಲ ಸಿಕ್ಕವರು ತಾವೇ ಗುಂಪು ಮಾಡಿಕೊಂಡು ಪರ್ಸೀನ್ ಹಾಕಿದರು. ಸಿಗದವರು ಅದೇ ಬೋಟಿನಲ್ಲಿ ಕಲಾಸಿಗಳಾದರು, ಅಂದರೆ ಕೆಲಸದಾಳುಗಳಾದರು.

ಪಾಲು ಅನ್ನುವುದು ಈಗಲೂ ಇದೆ. ಆದರೆ ಬೋಟಿನ ಒಳಗೆ ಮಾತ್ರ. ದಡದಲ್ಲಿ ನಿಂತವರಿಗೆ ಇಲ್ಲ. ಮೊದಲು ದಡಕ್ಕೆ ಬಿದ್ದ ಮೀನನ್ನು ಊರಿನ ಹೆಂಗಸರು ಅಲ್ಲೇ ಬುಟ್ಟಿ ತುಂಬಿಸಿಕೊಂಡು, ಮಾರಿ ಬಂದು ದುಡ್ಡು ಕೊಡುತ್ತಿದ್ದರು. ಈಗ ಬಂದರಿನ ಏಲಂನಲ್ಲಿ ಲಾರಿ ಕಳಿಸುವ ವ್ಯಾಪಾರಿಯ ಎದುರು ನಿಂತು ಕೂಗಬೇಕು. ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋದರೆ ಇದು ಕಾಣುತ್ತದೆ. ಬೇಸರದ ಸಂಗತಿ ಅಂತ ನಾನು ಹೇಳಿದರೆ ಅವರೇ ನಗುತ್ತಾರೆ. ಆ ದುಡ್ಡಿನಲ್ಲೇ ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ್ದಾರೆ.

ಊರಿನ ಗಡಿಯೂ ಹಿಗ್ಗಿದೆ. ಆಳ ಸಮುದ್ರದ ಬೋಟಿಗೆ ಇವತ್ತು ಉತ್ತರ ಕನ್ನಡದ ಕಲಾಸಿಗಳು ಬೇಕು, ಒಡಿಶಾ, ಆಂಧ್ರದವರೂ ಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ವಾಪಸ್ ಬರಲಿಲ್ಲ. ಒಳಗಿದ್ದ ಏಳು ಜನರಲ್ಲಿ ಐವರು ಉತ್ತರ ಕನ್ನಡದವರು, ಇಬ್ಬರು ಉಡುಪಿಯವರು. ಜನವರಿ 6ರಂದು ಮಲ್ಪೆಯಿಂದ ಮೀನುಗಾರರು ನಡೆದುಕೊಂಡು ಬಂದು ಅಂಬಲಪಾಡಿಯಲ್ಲಿ ಹೆದ್ದಾರಿ ತಡೆದರು. ಸಾವಿರಾರು ಜನ, ಹೆಂಗಸರೂ ಇದ್ದರು. ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲಡಿಯಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದರು. ಆ ಏಳು ಜನ ಬೇರೆ ಬೇರೆ ಊರಿನವರು, ಬೇರೆ ಬೇರೆ ತಾಲ್ಲೂಕಿನವರು. ಹೆದ್ದಾರಿಯಲ್ಲಿ ಕೂತವರು ಆ ಲೆಕ್ಕ ಹಾಕಲಿಲ್ಲ.

ನೀವು ಹೋದದ್ದು ಜೂನ್‌ನಲ್ಲಿ. ಅದೂ ಒಂದು ಕಾರಣ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ನಿಮಗೆ ಬೋಟುಗಳ ಕಾಡು ಕಂಡದ್ದು ಅದಕ್ಕೇ. ಆ ಹೊತ್ತಿಗೆ ನಾಡದೋಣಿಯವರು, ಅಂದರೆ ಸಾಂಪ್ರದಾಯಿಕ ಸಣ್ಣ ದೋಣಿಯವರು, ತೂಫಾನಿಗಾಗಿ ಕಾಯುತ್ತಿರುತ್ತಾರೆ. ತೂಫಾನು ಅಂದರೆ ನೀವು ಹೆದರುತ್ತೀರಿ, ಅವರು ದೇವರಿಗೆ ಹರಕೆ ಹೊರುತ್ತಾರೆ. ಕಡಲು ಒಮ್ಮೆ ಚೆನ್ನಾಗಿ ಕದಡಿದರೇನೇ ಸಿಗಡಿ ದಡದ ಹತ್ತಿರ ಬರುವುದು.

ಈ ಸಲ ಅಕ್ಟೋಬರ್ ರಜೆಯಲ್ಲಿ ಬನ್ನಿ. ಬೆಳಗ್ಗೆ ಆರೂವರೆಗೆ, ಪ್ರವಾಸಿಗರು ಏಳುವ ಮೊದಲು. ಹೋದ ವರ್ಷ ನಾನು ಹಾಗೇ ನಡೆಯುತ್ತಿದ್ದಾಗ ಕೈರಂಪಣಿ ಎಳೆಯುತ್ತಿದ್ದರು, ನಿಮ್ಮ ತಕರಾರಿನ ಫೋಟೋ ತೆಗೆದದ್ದು ಅಲ್ಲೇ. ಹೆಚ್ಚಿನವರು ಅರವತ್ತು ದಾಟಿದವರು. ನಾನು ಕ್ಯಾಮೆರಾ ಚೀಲಕ್ಕೆ ಹಾಕಿ, ಹಗ್ಗದ ಕೊನೆಯಲ್ಲಿ ನಿಂತು ಹಿಡಿದೆ. ಯಾರೂ ಏನೂ ಕೇಳಲಿಲ್ಲ. ಹತ್ತು ನಿಮಿಷಕ್ಕೆ ಅಂಗೈ ಉರಿಯಿತು. ಬಲೆ ಬಂತು, ಅಂಥ ಮೀನೇನೂ ಇರಲಿಲ್ಲ. ಪಾಲು ಹಾಕುತ್ತಿದ್ದ ಅಜ್ಜ ಮರಳಿನ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡುತ್ತ ಹೋದರು. ನಾನು ಹೊರಡಲು ತಿರುಗಿದೆ. ಹಿಂದಿನಿಂದ ಕರೆದರು. ಕೊನೆಯ ಗುಡ್ಡೆ ತೋರಿಸಿ, 'ಇದು ನಿಮ್ಮದು' ಅಂದರು. ಆರು ಬೂತಾಯಿ. ಚೀಲವಿರಲಿಲ್ಲ, ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದೆ.

ನಿಮ್ಮವ,
ಸಂಪಾದಕ