ನೆಲ ಒರೆಸುವ ಲಿಕ್ವಿಡ್‌ನಿಂದ ನಾಯಿ ಸತ್ತ ಮೆಸೇಜ್ ಬಗ್ಗೆ

ಹೊಸನಗರದ ಅಕ್ಕ, ನೀವು ಹಾಕಿದ ಫಾರ್ವರ್ಡ್ ನೋಡಿದೆ. ಪಕ್ಕದ ಮನೆಯವರ ಐದು ವರ್ಷದ ಜರ್ಮನ್ ಶೆಫರ್ಡ್ ಲಿವರ್ ಕೆಟ್ಟು ಹೋಯ್ತು, ಕಾರಣ ಹುಡುಕಿದರೆ ನೆಲ ಒರೆಸುವ ಲಿಕ್ವಿಡ್, ಅದರಲ್ಲಿರೋದಕ್ಕೂ ಕಾರಿನ ಕೂಲೆಂಟ್‌ಗೂ 'ಒಂದೇ ಅಣು' ವ್ಯತ್ಯಾಸ. ಬಾಟಲಿ ಎಸೆದುಬಿಡಲಾ ಅಂತ ಕೇಳಿದ್ದೀರಿ. ಎಸೀಬೇಡಿ.

ಇದು ನಮ್ಮ ಕಡೆಯ ಕಥೆಯೇ ಅಲ್ಲ. 2004ರಲ್ಲಿ ಅಮೆರಿಕದಲ್ಲಿ ಇಮೇಲ್ ಆಗಿ ಸುತ್ತಿದ್ದು. ಅಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಸ್ವಿಫರ್ ವೆಟ್‌ಜೆಟ್ ಅನ್ನೋ ಮಾಪಿನ ಮೇಲೆ ಈ ಆರೋಪ ಬಂದಿತ್ತು. ಈಗ ಹೆಸರು ಬದಲಾಯಿಸಿ ಕನ್ನಡಕ್ಕೆ ಬಂದಿದೆ, ಆದರೆ ಶೆಫರ್ಡ್ ನಾಯಿಯ ವಯಸ್ಸು ಮಾತ್ರ ಐದು ದಾಟಿಲ್ಲ! ಆಗಲೇ ಅಲ್ಲಿನ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎಯ ವಿಷತಜ್ಞರು ಆ ಮಾಪಿನ ಲಿಕ್ವಿಡ್‌ನಲ್ಲಿರುವ ಪದಾರ್ಥಗಳನ್ನು ಪರಿಶೀಲಿಸಿ, ಹೇಳಿದ ರೀತಿಯಲ್ಲಿ ಬಳಸಿದರೆ ತೊಂದರೆ ಇಲ್ಲ ಅಂದಿದ್ದರು. ಅದರಲ್ಲಿ ಹೆಚ್ಚಿನ ಪಾಲು ನೀರೇ. ಉಳಿದದ್ದರಲ್ಲಿ ಸ್ವಲ್ಪ ಪ್ರೊಪಿಲೀನ್ ಗ್ಲೈಕಾಲ್ ಜಾತಿಯದ್ದು. ಕೂಲೆಂಟ್‌ನಲ್ಲಿರೋದು ಎಥಿಲೀನ್ ಗ್ಲೈಕಾಲ್, ಅದು ಬೇರೆ. ಒಂದು ಚೂರು ವ್ಯತ್ಯಾಸ ಅಂದಮಾತ್ರಕ್ಕೆ ಎರಡೂ ಒಂದೇ ಅಲ್ಲ. ನೀರಿಗೆ ಒಂದೇ ಒಂದು ಆಕ್ಸಿಜನ್ ಪರಮಾಣು ಹೆಚ್ಚು ಸೇರಿದರೆ ಗಾಯ ತೊಳೆಯೋ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ, ಯಾರಾದ್ರೂ ಬಾಯಾರಿಕೆಗೆ ಕುಡೀತಾರಾ? ಇನ್ನೊಂದು, ಎಥಿಲೀನ್ ಗ್ಲೈಕಾಲ್ ನಾಯಿಯ ಹೊಟ್ಟೆಗೆ ಹೋದರೆ ಮುಖ್ಯವಾಗಿ ಕೆಡೋದು ಕಿಡ್ನಿ. ಮೆಸೇಜ್ ಬರೆದವರು ಲಿವರ್ ಅಂತ ಬರೆದಿದ್ದಾರೆ.

ಹಾಗಂತ ಬಚ್ಚಲು ಮೂಲೆಯಲ್ಲಿರೋ ಬಾಟಲಿಗಳೆಲ್ಲ ಸಾಧು ಅಂತಲ್ಲ. ನನಗೆ ಭಯ ಇರೋದು ಫಿನಾಯಿಲ್‌ದು, ಅದರಲ್ಲೂ ಬೆಕ್ಕಿರೋ ಮನೆಯಲ್ಲಿ. ಫೀನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಗೆ ಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಡಿಮೆ. ನಾಯಿ ತಡ್ಕೊಂಡಿದ್ದನ್ನು ಬೆಕ್ಕು ತಡ್ಕೊಳಲ್ಲ. ಕಪ್ಪು ಫಿನಾಯಿಲ್ ಬೆಕ್ಕಿನ ಮನೆಗೆ ಬೇಡವೇ ಬೇಡ. ಬಿಳಿಯದರಲ್ಲಿ ಪೈನ್ ಎಣ್ಣೆ ಇರುತ್ತೆ, ಅದೂ ಬೆಕ್ಕಿಗೆ ಒಳ್ಳೇದಲ್ಲ. ಗಾಡಿಯಲ್ಲಿ ಹಳೇ ಬಾಟಲಿಗೆ ತುಂಬಿಸಿ ತಂದು ಮಾರ್ತಾರಲ್ಲ, ಲೇಬಲ್ ಇಲ್ಲದ್ದು, ಅದರಲ್ಲಿ ಏನಿದೆ ಅಂತ ಡಾಕ್ಟ್ರಿಗೂ ಗೊತ್ತಾಗಲ್ಲ.

ಲೈಜಾಲ್ ಥರದವುಗಳಲ್ಲಿ ಬೆನ್ಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಕ್ರಿಮಿನಾಶಕ ಇರುತ್ತೆ. ಮುಚ್ಚಳದ ಅಳತೆಯಲ್ಲಿ ಬಕೆಟ್ ನೀರಿಗೆ ಹಾಕಿ ಒರೆಸಿ, ನೆಲ ಪೂರ್ತಿ ಒಣಗಿದ ಮೇಲೆ ಪ್ರಾಣಿ ಬಿಟ್ಟರೆ ಚಿಂತೆ ಇಲ್ಲ. ತೊಂದರೆ ಆಗೋದು 'ವಾಸನೆ ಬರಲಿ' ಅಂತ ನೆಲಕ್ಕೇ ಸುರಿದಾಗ. ಆಷಾಢದಲ್ಲಿ ನಮ್ಮ ರೆಡ್‌ಆಕ್ಸೈಡ್ ನೆಲ ಒಣಗೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಬೆಕ್ಕು ಆ ಹಸಿಯಲ್ಲೇ ಓಡಾಡಿ, ಹಂಡೆ ಒಲೆ ಬುಡದಲ್ಲಿ ಬೆಚ್ಚಗೆ ಕೂತು ಒಂದೊಂದೇ ಪಾದ ನೆಕ್ಕುತ್ತೆ. ನಮ್ಮ ನೆಂಟರ ಮನೆ ಬೆಕ್ಕಿಗೆ ಹೀಗೇ ಆಗಿತ್ತು. ಮೊದಲ ದಿನ ಬರೀ ಜೊಲ್ಲು, ಗದ್ದದ ಕೆಳಗಿನ ಕೂದಲೆಲ್ಲ ಅಂಟಂಟು. ಮಾರನೇ ದಿನ ಮೀನಿನ ಹತ್ತಿರ ಬಂದು ಮೂಸಿ ಹಿಂದೆ ಸರೀತು. ಬಾಯಿ ಬಿಡಿಸಿ ನೋಡಿದರೆ ನಾಲಿಗೆ ತುದಿ ಸುಲಿದು ಕೆಂಪಾಗಿತ್ತು. ಹುಣ್ಣು ಕೂಡಲೇ ಕಾಣಿಸಲ್ಲ, ಅದಕ್ಕೇ ಜನ ನೆಲ ಒರೆಸಿದ್ದನ್ನು ಮರೆತು ಏನೋ ತಿಂದಿರ್ಬೇಕು ಅಂದ್ಕೊಳ್ತಾರೆ.

ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಅದು ತೊಳೆದು ಹೋಗುವ ತನಕ ನಾಯಿ ಕಟ್ಟಿ. ಹಾರ್ಪಿಕ್‌ನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇದೆ, ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಿಗಿಂತ ಮೊದಲು ನಮಗೇ ಅಪಾಯ. ಟ್ರಂಕಿನ ನುಸಿಗುಳಿಗೆ ನ್ಯಾಫ್ತಲೀನ್‌ದಾಗಿದ್ದರೆ ಬೆಕ್ಕು, ನಾಯಿಮರಿಗೆ ಸಿಗದ ಹಾಗೆ ಇಡಿ, ರಕ್ತಕಣ ಒಡೆಯುತ್ತೆ.

ಇಂಥದ್ದು ಪ್ರಾಣಿಯ ಮೈಮೇಲೆ ಚೆಲ್ಲಿದರೆ ನಿಮ್ಮ ಕೈಗೆ ಕವರ್ ಹಾಕ್ಕೊಂಡು ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ, ಟವಲ್‌ನಲ್ಲಿ ಸುತ್ತಿ ನೆಕ್ಕೋಕೆ ಬಿಡಬೇಡಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು, ಕೊಬ್ಬರಿ ಎಣ್ಣೆ ಹುಯ್ಯೋದು ಬೇಡ. ಆಸಿಡ್, ಫಿನಾಯಿಲ್ ವಾಪಸ್ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತೆ, ಶ್ವಾಸಕೋಶಕ್ಕೂ ಇಳಿಯಬಹುದು. ಬಾಟಲಿ ಸಮೇತ ಡಾಕ್ಟ್ರ ಹತ್ತಿರ ಹೊರಡಿ. ಶಿವಮೊಗ್ಗ ಹತ್ತಿರ ಇರುವವರಿಗೆ ಪಶುವೈದ್ಯಕೀಯ ಕಾಲೇಜಿದೆ.

ಕೊನೆಗೆ ನಿಮ್ಮ ನಾಯಿ ವಿಷಯ. ಎರಡು ದಿನದಿಂದ ವಾಂತಿ, ಅನ್ನ ಬಿಟ್ಟಿದೆ, ಅದಕ್ಕೇ ಈ ಮೆಸೇಜ್ ನೋಡಿ ಗಾಬರಿಯಾಯ್ತು ಅಂದಿದ್ದೀರಿ. ನಮ್ಮ ಮಳೆಗಾಲದಲ್ಲಿ ನಾಯಿಗೆ ಲಿವರ್ ತೊಂದರೆ ಅಂದ ಕೂಡಲೇ ನಾನು ಮೊದಲು ಯೋಚಿಸೋದು ಮಾಪಿನ ಬಗ್ಗೆ ಅಲ್ಲ, ಇಲಿಜ್ವರದ ಬಗ್ಗೆ. ಇಲಿ ಮೂತ್ರ ಸೇರಿದ ಗದ್ದೆ ನೀರು, ಚರಂಡಿ ನೀರಿನಿಂದ ಬರೋ ಲೆಪ್ಟೋಸ್ಪೈರೋಸಿಸ್ ಲಿವರ್, ಕಿಡ್ನಿ ಎರಡನ್ನೂ ಹಿಡಿಯುತ್ತೆ. ಉಣುಗಿನಿಂದ ಬರೋ ಜ್ವರವೂ ಇರಬಹುದು. ತುಟಿ ಎತ್ತಿ ವಸಡು ನೋಡಿ, ಕಣ್ಣಿನ ಬಿಳಿ ಭಾಗ ನೋಡಿ. ಹಳದಿ ಇದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನಾಳೆ ಅಂತ ಕಾಯಬೇಡಿ. ಹಳದಿ ಇಲ್ಲದಿದ್ದರೂ ಎರಡು ದಿನದ ವಾಂತಿಗೆ ಡಾಕ್ಟ್ರಿಗೆ ತೋರಿಸಲೇಬೇಕು, ರಕ್ತ ಪರೀಕ್ಷೆ ಮಾಡಿಸಿ. ಇಲಿಜ್ವರ ಮನುಷ್ಯರಿಗೂ ಅಂಟುತ್ತೆ, ನಾಯಿಯ ಮೂತ್ರ ತೊಳೆಯುವಾಗ ಗ್ಲೌಸ್ ಇರಲಿ, ಕೈಗೆ ಗಾಯ ಆಗಿದ್ದರೆ ಬೇರೆಯವರಿಗೆ ಹೇಳಿ. ಈ ವರ್ಷದ ಲಸಿಕೆ ಕಾರ್ಡ್ ಇದ್ದರೆ ಫೋಟೋ ಹಾಕಿ, ಲೆಪ್ಟೋ ಸೇರಿದೆಯಾ ನೋಡಿ ಹೇಳ್ತೀನಿ.